ಏಳು ಸಲ ತಿರುಗಿದ ಟ್ರೇ

ನಮ್ಮ ಬೀಜ ಪರೀಕ್ಷಾಲಯದ ಹಿಂಭಾಗದ ಓಣಿಯ ಕೊನೆಗೆ ಕಿಟಕಿಯಿಲ್ಲದ, ಸದಾ ಬೆಚ್ಚಗಿರುವ ಕೋಣೆಯೊಂದಿದೆ. ಗೋಡೆಯುದ್ದಕ್ಕೂ ಎದೆಯೆತ್ತರದ ಕಬ್ಬಿಣದ ಕಪಾಟುಗಳು. ಕಪಾಟಿನ ಒಳಗೆ, ಒದ್ದೆ ಮರಳು ತುಂಬಿದ ಚೌಕಾಕಾರದ ಟ್ರೇಗಳು. ಒಂದು ಟ್ರೇಯಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ಗುಳಿ, ಗುಳಿಗೊಂದು ಕಾಳು. ಆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದವರನ್ನು ಎಲ್ಲರೂ ಮೊಳಕೆಯಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿದ್ದ ಅವರ ನಿಜವಾದ ಹೆಸರು ಬಹಳ ಜನರಿಗೆ ಗೊತ್ತಿರಲಿಲ್ಲ. "ಆ ಹೆಸರಲ್ಲಿ ಕರೆದ್ರೆ, ಯಾರನ್ನೋ ಕರೀತಿದ್ದಾರೆ ಅಂತ ನಾನೂ ಹಿಂದೆ ತಿರುಗಿ ನೋಡ್ತೀನಿ" ಎಂದು ಅವರೇ ನಗುತ್ತಿದ್ದರು.

ಅವರ ಬದುಕನ್ನು ಬರೆಯಲು ನನಗಿಂತ ಯೋಗ್ಯರು ಇರಬಹುದು. ಆದರೆ ಆ ಬದುಕಿನ ಒಂದು ಭಾಗ ನನಗೊಬ್ಬಳಿಗೇ ಪೂರ್ತಿಯಾಗಿ ಗೊತ್ತಿದೆ, ಏಕೆಂದರೆ ಅದನ್ನು ಕೆಡಿಸಿದವಳು ನಾನು. ಆದ್ದರಿಂದ ಬರೆಯುವ ಹೊಣೆಯೂ ನನ್ನದೇ.

ಮೊದಲು ಅವರ ಕೆಲಸವನ್ನು ಹೇಳಬೇಕು. ಕಪಾಟುಗಳ ಹಿಂಬದಿಯಲ್ಲಿ ಬಿಸಿನೀರಿನ ಕೊಳವೆ ಹಾದುಹೋಗುತ್ತದೆ. ಕೊಳವೆಯ ಕಡೆಗಿರುವ ಕಾಳು ಬೇಗ ಮೊಳೆಯುತ್ತದೆ. ಬಾಗಿಲ ಕಡೆಗಿರುವುದು ಹಿಂದೆ ಬೀಳುತ್ತದೆ. ಈ ಪಕ್ಷಪಾತ ತಪ್ಪಬೇಕೆಂದು ಪ್ರತಿದಿನ ಬೆಳಿಗ್ಗೆ ಪ್ರತಿ ಟ್ರೇಯನ್ನೂ ಬಲಕ್ಕೆ ಕಾಲು ಸುತ್ತು ತಿರುಗಿಸಿಡಬೇಕು. ತಿರುಗಿಸಿದ್ದಕ್ಕೆ ಗುರುತಾಗಿ ಕಪಾಟಿನ ಬಾಗಿಲ ಮೇಲೆ ಸೀಮೆಸುಣ್ಣದ ಒಂದು ಗೆರೆ ಎಳೆಯಬೇಕು. ಸೋಮವಾರ ಬಿತ್ತಿದ ಟ್ರೇಗೆ ಶುಕ್ರವಾರದ ಹೊತ್ತಿಗೆ ನಾಲ್ಕು ಗೆರೆ. ಅಂದು ಮೊದಲ ಎಣಿಕೆ. ಭಾನುವಾರ ರಜೆ. ಮರುವಾರದ ಮಂಗಳವಾರ ಏಳು ಗೆರೆ. ಅಂದು ಕೊನೆಯ ಎಣಿಕೆ. ಒಂದು ಟ್ರೇಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇರೆ ಬೇರೆ ಚೀಲಗಳ ಕಾಳಿರುತ್ತವೆ, ಮೂಲೆಗೆ ಇಪ್ಪತ್ತೈದು. ಕೊನೆಯ ಎಣಿಕೆಯ ಮೇಲೆ ಒಂದು ಚೀಲ ಬಿತ್ತನೆಗೆ ಹೋಗುತ್ತದೋ ದನದ ಮೇವಾಗುತ್ತದೋ ಎಂಬ ತೀರ್ಮಾನ.

ಟ್ರೇ ಹೀಗೆ ಸುತ್ತುತ್ತಲೇ ಇರುವುದರಿಂದ ಯಾವ ಮೂಲೆ ಯಾವ ಚೀಲದ್ದು ಎಂಬ ಗೊಂದಲ ಆಗಬಾರದಲ್ಲ. ಅದಕ್ಕಾಗಿ ಅಕ್ಕ ಮೊದಲ ಚೀಲದ ಮೂಲೆಯಲ್ಲಿ ತಗಡಿನ ಪುಟ್ಟ ಬಾವುಟವೊಂದನ್ನು ನೆಡುತ್ತಿದ್ದರು. ಟ್ರೇಗಳೊಡನೆ ಮಾತಾಡುವುದು ಅವರ ಅಭ್ಯಾಸ. "ಬಾರಪ್ಪ, ಇವತ್ತು ನಿನ್ನ ಬೆನ್ನು ಕಾಯಿಸ್ಕೊಳ್ಳೋ ಸರದಿ" ಎನ್ನುತ್ತ ತಿರುಗಿಸುವರು. ಮೊಳೆಯದ ಮೂಲೆಯನ್ನು ಕಂಡರೆ, "ಏನು ಮಹಾರಾಯ, ಮಾವನ ಮನೆಗೆ ಬಂದಿದ್ದೀಯಾ, ಇನ್ನೂ ಎದ್ದಿಲ್ಲ" ಎಂದು ಗದರುವರು.

ಅವರ ಗಂಡ ಬಡಗಿ. ಗರಗಸಕ್ಕೆ ಸಿಕ್ಕಿ ಅವರ ಮೂರು ಬೆರಳು ಹೋದ ವರ್ಷ, ಅಕ್ಕ ಪರೀಕ್ಷಾಲಯದ ಅಂಗಳದಲ್ಲಿ ಮರಳು ತೊಳೆಯುವ ಶೆಡ್ಡಿಗೆ ಕೆಲಸಕ್ಕೆ ಸೇರಿದರು. ಮೂರು ವರ್ಷ ಮರಳು ತೊಳೆದ ಮೇಲೆ ಅವರನ್ನು ಬೆಚ್ಚನೆಯ ಕೋಣೆಗೆ ಕರೆದುಕೊಂಡರು. ಗಂಡ ತೀರಿಹೋದಾಗ ಮಗ ಇನ್ನೂ ಶಾಲೆಯಲ್ಲಿದ್ದ. ಈಗ ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸೊಸೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಏಳು ವರ್ಷದ ಮೊಮ್ಮಗಳಿದ್ದಾಳೆ. ಶಾಲೆಯಿಂದ ಬಂದ ಮೇಲೆ ಅವಳು ಅಜ್ಜಿಯ ಪಾಲು.

ನಾನು ಆ ಪರೀಕ್ಷಾಲಯಕ್ಕೆ ಸೇರಿದ್ದು ಬಾಟಲಿ ತೊಳೆಯುವವಳಾಗಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಸಂಜೆ ಶಾಲೆ ಐದೂವರೆಗೆ ಶುರುವಾಗುತ್ತಿತ್ತು. ನನ್ನ ಬಾಟಲಿಗಳು ಮುಗಿಯುತ್ತಿದ್ದುದು ಆರಕ್ಕೆ. ಒಂದು ದಿನ ಅಕ್ಕ ತೊಟ್ಟಿಯ ಬಳಿ ಬಂದು ನನ್ನ ಕೈಯಿಂದ ಕುಂಚ ಕಿತ್ತುಕೊಂಡರು.

"ನೀನು ಹೋಗು. ಉಳಿದದ್ದು ನಾನು ನೋಡ್ಕೊತೀನಿ."

"ಸಾಹೇಬ್ರು ಕೇಳಿದ್ರೆ?"

"ಬಚ್ಚಲಿಗೆ ಹೋಗಿದ್ದಾಳೆ ಅಂತೀನಿ. ದಿನಾ ಅರ್ಧ ಗಂಟೆ ಬಚ್ಚಲಲ್ಲಿ ಇರೋಳು ಅಂತ ಹೆಸರು ಬಂದ್ರೆ ಬರಲಿ, ಪರೀಕ್ಷೆ ಪಾಸಾದ್ರೆ ಸಾಕು."

ಹೀಗೆ ಎಷ್ಟೋ ವರ್ಷ ನನ್ನ ಬಾಟಲಿಗಳನ್ನು ಅವರು ತೊಳೆದರು. ಸಂಜೆ ಶಾಲೆ ಮುಗಿಯಿತು, ಸಂಜೆ ಕಾಲೇಜು ಮುಗಿಯಿತು. ನಾನು ಫಲಿತಾಂಶ ವಿಭಾಗದ ಗುಮಾಸ್ತೆಯಾದೆ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ನನ್ನ ಅರ್ಧ ವಯಸ್ಸಿನವರ ನಡುವೆ ಕೂತು, ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಕಷ್ಟಪಟ್ಟು ಗಳಿಸಿದ ವಿದ್ಯೆಗೆ ಒಂದು ಬಗೆಯ ಸೊಕ್ಕು ಅಂಟಿಕೊಂಡಿರುತ್ತದೆ. ನನಗೆ ಅದು ಇತ್ತು. ಇಲ್ಲವೆಂದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಆ ಚಳಿಗಾಲದ ಮೊದಲಿಗೆ ನಮ್ಮ ಅಧಿಕಾರಿ ಒಂದು ಕ್ಯಾಮೆರಾ ತರಿಸಿದರು. ಮೇಲಿನಿಂದ ಟ್ರೇಯ ಫೋಟೋ ತೆಗೆದರೆ, ಯಾವ ಗುಳಿಯಲ್ಲಿ ಮೊಳಕೆಯಿದೆ, ಯಾವುದರಲ್ಲಿ ಇಲ್ಲ ಎಂದು ಅದರ ಜೊತೆಗೇ ಬಂದ ಸಲಕರಣೆ ಗುರುತಿಸುತ್ತಿತ್ತು. ಮೊಳೆತದ್ದಕ್ಕೆ ಒಂದು, ಮೊಳೆಯದ್ದಕ್ಕೆ ಸೊನ್ನೆ. ಹತ್ತು ಸಾಲು, ಮೇಲಿನಿಂದ ಕೆಳಗಿಳಿಯುವ ಹತ್ತು ಕಂಬಸಾಲುಗಳ ಅಂಕಿಗಳ ಚೌಕ. ಆದರೆ ಅದು ಏಳು ಸಲ ತಿರುಗಿದ ಟ್ರೇಯ ಚೌಕ. ಬಿತ್ತಿದ ದಿನ ಟ್ರೇ ಹೇಗಿತ್ತೋ ಆ ಸ್ಥಿತಿಗೆ ಅದನ್ನು ಮರಳಿಸಿದರೆ ಮಾತ್ರ ಯಾವ ಚೀಲಕ್ಕೆ ಎಷ್ಟು ಎಂದು ಹೇಳಬಹುದು. ಆ ಪ್ರೋಗ್ರಾಂ ಬರೆಯುವ ಕೆಲಸವನ್ನು ಅಧಿಕಾರಿ ನನಗೆ ಕೊಟ್ಟರು.

ನಾನು ಅಕ್ಕನ ಕೋಣೆಗೆ ಹೋಗಿ, ಮರದ ಮಣೆಯ ಮೇಲೆ ಕೂತು, ನೋಟ್‌ಬುಕ್ ತೆರೆದೆ.

"ಯಾವ ಕಡೆಗೆ ತಿರುಗಿಸ್ತೀರಿ ಅಕ್ಕ, ಯಾವಾಗ್ಲೂ ಒಂದೇ ಕಡೆಗಾ?"

"ಬಲಕ್ಕೆ. ಇಪ್ಪತ್ತಾರು ವರ್ಷದಿಂದ ಬಲಕ್ಕೇ. ಎಡಕ್ಕೆ ತಿರುಗ್ಸು ಅಂದ್ರೆ ಈಗ ಈ ಕೈ ಕೇಳಲ್ಲ."

"ಮೇಲಿನ ಸಾಲು ಎಲ್ಲಿಗೆ ಹೋಗುತ್ತೆ?"

ಅವರು ಒಂದು ಟ್ರೇಯನ್ನು ನಿಧಾನವಾಗಿ ತಿರುಗಿಸಿ ತೋರಿಸಿದರು. ಮೇಲಿನ ಸಾಲು ಬಲಬದಿಯ ಕಂಬಸಾಲಾಗಿ ನಿಂತಿತು. ನಾನು ಹಾಗೆಯೇ ಬರೆದುಕೊಂಡೆ. ಮೇಲಿನ ಸಾಲನ್ನು ಬಲಬದಿಯ ಕಂಬಸಾಲಾಗಿ ಇಡು, ಎರಡನೆಯ ಸಾಲನ್ನು ಅದರ ಎಡಪಕ್ಕದ ಕಂಬಸಾಲಾಗಿ ಇಡು, ಹೀಗೆ ಹತ್ತನ್ನೂ. ಬಾಗಿಲ ಮೇಲೆ ಎಷ್ಟು ಗೆರೆಯಿವೆಯೋ ಅಷ್ಟು ಸಲ ಇದನ್ನೇ ಮಾಡು. ಅಕ್ಕನ ಕೈ ಮಾಡಿದ್ದನ್ನು ಒಂದಿಷ್ಟೂ ತಪ್ಪಿಲ್ಲದೆ ಪ್ರೋಗ್ರಾಂ ಮಾಡುವಂತೆ ಬರೆದೆ. ಅಕ್ಕನ ಕೈ ಮಾಡಿದ್ದನ್ನು ಅದು ಬಿಚ್ಚಬೇಕಾಗಿತ್ತು, ಎಡಕ್ಕೆ ತಿರುಗಿಸಬೇಕಾಗಿತ್ತು ಎಂಬುದು ನನಗೆ ಹೊಳೆಯಲಿಲ್ಲ.

ಅಧಿಕಾರಿ ನೋಡಲು ಬಂದದ್ದು ಒಂದು ಸೋಮವಾರ. ಟ್ರೇಗೆ ಅಂದು ಆರು ಗೆರೆ. ಅಕ್ಕ ಕೈಯಿಂದ ಎಣಿಸಿದರು, ಪ್ರೋಗ್ರಾಂ ತನ್ನ ಪಾಡಿಗೆ ಎಣಿಸಿತು. ನಾಲ್ಕು ಚೀಲದ ಲೆಕ್ಕವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಹೊಂದಿತು. ಹೊಂದಲೇಬೇಕಿತ್ತು. ಆರು ಸಲ ಬಲಕ್ಕೆ ತಿರುಗಿದ್ದನ್ನು ಮತ್ತೆ ಆರು ಸಲ ಬಲಕ್ಕೇ ತಿರುಗಿಸಿದರೆ ಹನ್ನೆರಡು ಕಾಲುಸುತ್ತು, ಅಂದರೆ ಸರಿಯಾಗಿ ಮೂರು ಸುತ್ತು. ಎಲ್ಲವೂ ಮೊದಲಿನ ಜಾಗಕ್ಕೇ ಬರುತ್ತವೆ. ನಾಲ್ಕಾದರೂ ಹೀಗೆಯೇ. ಏಳಕ್ಕೆ ಮಾತ್ರ ಹಾಗಾಗುವುದಿಲ್ಲ. ಏಳು ಮತ್ತು ಏಳು ಹದಿನಾಲ್ಕು. ಅರ್ಧ ಸುತ್ತು ಉಳಿದುಬಿಡುತ್ತದೆ. ಒಂದು ಮೂಲೆಯ ಚೀಲದ ಲೆಕ್ಕ ಎದುರು ಮೂಲೆಯ ಚೀಲಕ್ಕೆ ಹೋಗಿ ಕೂರುತ್ತದೆ. ಕೊನೆಯ ಎಣಿಕೆ ಏಳಕ್ಕೇ ನಡೆಯುವುದೆಂದು ಗೊತ್ತಿದ್ದೂ ನಾನು ಏಳಕ್ಕೆ ಪರೀಕ್ಷಿಸಲಿಲ್ಲ. ಅಧಿಕಾರಿ ಬೆನ್ನು ತಟ್ಟಿ ಹೊರಟಾಗಿತ್ತು. ಹೊಗಳಿಸಿಕೊಂಡ ಕೆಲಸವನ್ನು ಮರುದಿನ ಮತ್ತೆ ತಡಕುವುದು ನನ್ನ ಘನತೆಗೆ ಕಡಿಮೆ ಎನಿಸಿತು.

ಇನ್ನೊಂದನ್ನೂ ಮಾಡಿದೆ. ಬಾವುಟದ ನೆರಳು ಪಕ್ಕದ ಗುಳಿಗಳ ಮೇಲೆ ಬಿದ್ದು ಫೋಟೋ ಕೆಡುತ್ತಿದೆಯೆಂದು ಬಾವುಟಗಳನ್ನೆಲ್ಲ ತೆಗೆಸಿದೆ.

"ಇದ್ದಿದ್ರೆ ಒಳ್ಳೇದಿತ್ತಲ್ವಾ ತಂಗಿ? ಕಣ್ಣಿಗೊಂದು ಆಧಾರ" ಎಂದರು ಅಕ್ಕ.

"ಕಣ್ಣಿಗೆ ಬೇಕು ಅಕ್ಕ, ಪ್ರೋಗ್ರಾಂಗೆ ಬೇಡ."

ಅವರು ಮೂವತ್ತಾರು ಬಾವುಟಗಳನ್ನೂ ಒರೆಸಿ, ಒಂದು ಡಬ್ಬಿಗೆ ಹಾಕಿ, ಗೋದಾಮಿಗೆ ಕೊಟ್ಟುಬಂದರು.

ಎರಡು ತಿಂಗಳು ಯಾರಿಗೂ ಏನೂ ತಿಳಿಯಲಿಲ್ಲ. ಸಾಮಾನ್ಯವಾಗಿ ಒಂದು ಟ್ರೇಯ ನಾಲ್ಕೂ ಚೀಲಗಳು ಹೆಚ್ಚುಕಡಿಮೆ ಒಂದೇ ಗುಣದವು. ಅದಲುಬದಲಾದರೂ ಅಂಕಿ ಒಂದೆರಡು ಆಚೀಚೆ. ಫೆಬ್ರವರಿಯಲ್ಲಿ ಒಬ್ಬ ಬೀಜದ ವ್ಯಾಪಾರಿ ಒದ್ದೆ ಬಟ್ಟೆಯ ಗಂಟೊಂದನ್ನು ತಂದು ಅಧಿಕಾರಿಯ ಮೇಜಿನ ಮೇಲೆ ಬಿಚ್ಚಿದ. ಒಳಗೆ ಅವನ ಚೀಲದ ಬಟಾಣಿ. ಒಂದೊಂದಕ್ಕೂ ಬೆರಳುದ್ದದ ಮೊಳಕೆ. ಅವನ ಚೀಲಕ್ಕೆ ನಾವು ಕೊಟ್ಟಿದ್ದ ಫಲಿತಾಂಶ: ಇಪ್ಪತ್ತೈದರಲ್ಲಿ ಮೂರು. "ಸ್ವಾಮಿ, ನಿಮ್ಮ ಕೋಣೇಲಿ ಇವುಕ್ಕೆ ನಾಚಿಕೆ ಆಯ್ತಾ?" ಎಂದು ಕೇಳಿದ.

ಅಧಿಕಾರಿ ನನ್ನನ್ನೂ ಅಕ್ಕನನ್ನೂ ಕರೆಸಿದರು. ಕಡತ ತೆಗೆದು ನೋಡಿದರೆ ಅದೇ ಚೀಲಕ್ಕೆ ಮೊದಲ ಎಣಿಕೆಯಲ್ಲಿ ಇಪ್ಪತ್ತೆರಡು ಎಂದಿತ್ತು.

"ಶುಕ್ರವಾರ ಇಪ್ಪತ್ತೆರಡು ಮೊಳೆತಿದೆ, ಮಂಗಳವಾರ ಮೂರು. ಇದು ಹೇಗೆ?"

"ಮೊಳಕೆ ಮತ್ತೆ ಕಾಳಿನೊಳಗೆ ಹೋಗಲ್ಲ ಸಾರ್. ಎಣಿಸಿದ್ದರಲ್ಲೇ ಏನೋ ಹೆಚ್ಚುಕಮ್ಮಿ ಆಗಿರ್ಬೇಕು" ಎಂದರು ಅಕ್ಕ.

ಅಧಿಕಾರಿ ನನ್ನ ಕಡೆ ತಿರುಗಿದರು. "ಪ್ರೋಗ್ರಾಂನಲ್ಲಿ ಏನಾದ್ರೂ?"

ಆ ಕ್ಷಣ ನನಗೆ ಚೆನ್ನಾಗಿ ನೆನಪಿದೆ. "ನೋಡಿ ಹೇಳುತ್ತೇನೆ" ಎಂಬ ಎರಡು ಮಾತು ಸಾಕಾಗಿತ್ತು. ನಾನು ಹಾಳೆಯೊಂದನ್ನು ತೆಗೆದುಕೊಂಡು, ಚೌಕ ಬರೆದು, ಫಲಿತಾಂಶ ಸರಿಯಾಗಿ ಅರ್ಧ ಸುತ್ತು ತಿರುಗಿದೆ ಎಂದು ತೋರಿಸಿದೆ. "ಬಾಗಿಲ ಮೇಲೆ ಏಳು ಗೆರೆಯಿದೆ. ಟ್ರೇ ನಿಜವಾಗಿ ತಿರುಗಿದ್ದು ಐದೇ ಸಲ ಆಗಿದ್ದರೆ ಹೀಗೇ ಬರುತ್ತೆ. ಎರಡು ದಿನ ಗೆರೆ ಎಳೆದು ಟ್ರೇ ತಿರುಗಿಸಿಲ್ಲ. ಪ್ರೋಗ್ರಾಂ ಮರೆಯಲ್ಲ ಸಾರ್. ಕೈ ಮರೆಯುತ್ತೆ."

ಲೆಕ್ಕ ಎಷ್ಟು ಚೊಕ್ಕವಾಗಿತ್ತೆಂದರೆ ಅಧಿಕಾರಿ ತಲೆದೂಗಿದರು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

"ಗೆರೆ ಎಳೆದಿದ್ದೀನಿ ಅಂದ್ರೆ ತಿರುಗಿಸಿದ್ದೀನಿ ತಂಗಿ."

"ತಿರುಗಿಸಿದ ಹಾಗೆ ಅನ್ನಿಸಿರಬಹುದು ಅಕ್ಕ."

ಈ ವಾಕ್ಯದ ತೂಕ ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ. ಅಕ್ಕನ ತಾಯಿ ಕೊನೆಯ ಆರು ವರ್ಷ ಮರೆವಿನಲ್ಲಿ ಕಳೆದವರು. ಕುಡಿಯುವ ನೀರಿಗೆ ಉಪ್ಪು ಸುರಿಯುತ್ತಿದ್ದರು, ಮಗಳನ್ನೇ "ನೀನು ಯಾರ ಮನೆ ಹುಡುಗಿ?" ಎಂದು ಕೇಳುತ್ತಿದ್ದರು. ಅದು ಶುರುವಾದಾಗ ಅವರಿಗೆ ಐವತ್ತೆಂಟು. ಬಾಟಲಿ ತೊಟ್ಟಿಯ ಬಳಿ ನಿಂತು ಇದನ್ನೆಲ್ಲ ಅಕ್ಕ ನನಗೆ ಹೇಳಿದ್ದರು. ಬೇರೆ ಯಾರಿಗೂ ಹೇಳಿರಲಿಲ್ಲ. "ನನಗೂ ಹಾಗಾದ್ರೆ ಮೊದಲು ನೀನೇ ಹೇಳ್ಬಿಡು, ಮುಚ್ಚಿಡಬೇಡ" ಎಂದು ಮಾತು ತೆಗೆದುಕೊಂಡಿದ್ದರು. ಅಧಿಕಾರಿಯ ಕೋಣೆಯಲ್ಲಿ ನಿಂತ ದಿನ ಅಕ್ಕನಿಗೆ ಐವತ್ತೆಂಟು ತುಂಬಲು ಆರೇ ತಿಂಗಳು ಉಳಿದಿತ್ತು.

ಅವರು ಮತ್ತೆ ವಾದಿಸಲಿಲ್ಲ. ತಮ್ಮ ಅಂಗೈಗಳನ್ನು ನೋಡಿಕೊಂಡರು. "ನೀನು ಹೇಳ್ತಿದ್ದೀಯ ಅಂದ್ರೆ ಇರ್ಬಹುದು" ಎಂದರು.

ಸೂಚನಾ ಫಲಕದ ಮೇಲೆ ಆದೇಶ ಅಂಟಿಸಲಾಯಿತು: ಕರ್ತವ್ಯದಲ್ಲಿ ಮರೆವು ಕಂಡುಬಂದ ಕಾರಣ ಮರಳಿನ ಶೆಡ್ಡಿಗೆ ವರ್ಗ. ಇಪ್ಪತ್ತಾರು ವರ್ಷದ ಹಿಂದೆ ಬಿಟ್ಟುಬಂದ ಶೆಡ್ಡಿಗೇ ಅವರು ಮರಳಿದರು. ಅವರ ಜಾಗಕ್ಕೆ ಗೋದಾಮಿನಿಂದ ಒಬ್ಬ ಬಂದ. ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸುವಷ್ಟು ಎತ್ತರದವನಾದ್ದರಿಂದ ಅವನನ್ನು ಉದ್ದಣ್ಣ ಎಂದು ಕರೆಯುತ್ತಿದ್ದೆವು.

ಇನ್ನು ಮುಂದೆ ಯಾರ ಕೈ ಮರೆತರೂ ಕೂಡಲೇ ಸಿಕ್ಕಿಬೀಳಲೆಂದು ನಾನು ಪ್ರೋಗ್ರಾಂಗೆ ಒಂದು ಕಾವಲು ಸೇರಿಸಿದೆ: ಮೊದಲ ಎಣಿಕೆಯಲ್ಲಿ ಮೊಳೆತ ಗುಳಿ ಕೊನೆಯ ಎಣಿಕೆಯಲ್ಲಿ ಮೊಳೆಯದೆ ಕಂಡರೆ ಪರದೆ ಕೆಂಪಾಗಬೇಕು. ಉದ್ದಣ್ಣನ ಮೊದಲ ಟ್ರೇ ಕೊನೆಯ ಎಣಿಕೆಗೆ ಬಂದದ್ದು ಮಾರ್ಚ್ ಮೂರರಂದು. ಪರದೆ ಕೆಂಪಾಯಿತು.

"ನೀನೂ ಮರೆತೆಯಾ?" ಎಂದು ಕೇಳಿದೆ.

"ಮೇಡಂ, ನಾನು ಹೆದರಿಕೊಂಡು ದಿನಾ ಎರಡೆರಡು ಸಲ ಬಂದು ನೋಡಿದ್ದೀನಿ. ಏಳು ಅಂದ್ರೆ ಏಳು. ಬೇಕಾದ್ರೆ ನನ್ನ ಹೆಂಡ್ತೀನ ಕೇಳಿ, ಮಲಗಿದ್ರೂ ಟ್ರೇ ಟ್ರೇ ಅಂತೀನಂತೆ."

ಅವನು ಊಟಕ್ಕೆ ಹೋದ ಮೇಲೆ ನಾನು ಒಂದು ಚೌಕ ಹಾಳೆ ಕತ್ತರಿಸಿ, ಮೂಲೆಗಳಿಗೆ ಅಂಕಿ ಬರೆದು, ತಿರುಗಿಸಿ ನೋಡಿದೆ. ಎರಡೇ ನಿಮಿಷ. ಕಾಲ ಕೆಳಗಿನ ನೆಲ ಕುಸಿಯಿತು ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಮೊದಲು ನನಗೆ ಬಂದ ಯೋಚನೆ, ಇದನ್ನು ಯಾರಾದರೂ ನೋಡಿದರೇ ಎಂಬುದು. ಆ ಯೋಚನೆ ಅಕ್ಕನ ನೆನಪಿಗಿಂತ ಮುಂಚೆ ಬಂತು. ಬಲಬದಿ ಎಂದಿದ್ದಲ್ಲಿ ಎಡಬದಿ ಮಾಡಿದೆ, ಮೇಲಿನಿಂದ ಕೆಳಗೆ ಎಂದಿದ್ದಲ್ಲಿ ಕೆಳಗಿನಿಂದ ಮೇಲೆ ಎಂದು ಬರೆದೆ. ಕೆಂಪು ಹೋಯಿತು. ಹಿಂದಿನ ಟ್ರೇಗಳ ಫೋಟೋಗಳನ್ನೆಲ್ಲ ಮತ್ತೆ ಎಣಿಸಿ, 'ಮರುಪರಿಶೀಲನೆ' ಎಂಬ ತಲೆಬರಹದಡಿ ತಿದ್ದಿದ ಫಲಿತಾಂಶಗಳನ್ನು ಕಳುಹಿಸಿದೆ. ಅಧಿಕಾರಿ ಅದನ್ನು ನನ್ನ ಶ್ರದ್ಧೆಯೆಂದು ಹೊಗಳಿದರು. ನಾನು ಬಾಯಿ ಬಿಡಲಿಲ್ಲ.

ನಾಳೆ ಹೇಳುತ್ತೇನೆ ಎಂದುಕೊಂಡೆ. ಆ ವಾರ ಹೇಳಲಿಲ್ಲ; ಮುಂದಿನ ವಾರ ಹೇಳುವುದು ಇನ್ನೂ ಕಷ್ಟವಾಯಿತು, ಏಕೆಂದರೆ ಈಗ ಮುಚ್ಚಿಟ್ಟದ್ದನ್ನೂ ಹೇಳಬೇಕಿತ್ತು. ಶೆಡ್ಡು ನನ್ನ ಮೇಜಿನ ಕಿಟಕಿಗೆ ಎದುರೇ. ಅಕ್ಕ ಮೊಣಕೈವರೆಗೆ ನೀರಿನಲ್ಲಿ ಕೈಯಿಟ್ಟು ಮರಳು ಜಾಲಿಸುತ್ತಿದ್ದುದು ದಿನವೂ ಕಾಣುತ್ತಿತ್ತು. ನಾನು ಮೇಜನ್ನು ಒಳಗೋಡೆಯ ಕಡೆಗೆ ಸರಿಸಿಕೊಂಡೆ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಕಾರಣ ಕೊಟ್ಟೆ.

ಜೂನ್ ಕೊನೆಯಲ್ಲಿ ಅವರ ಸೊಸೆ ಕಚೇರಿಗೆ ಬಂದಳು. ಕೈಯಲ್ಲಿ ಅಧಿಕಾರಿಯವರ ಹೆಂಡತಿಗೆ ಹೊಲಿದ ರವಿಕೆಯ ಪೊಟ್ಟಣ. ಅದನ್ನು ಕೊಟ್ಟು ಹೋಗುವಾಗ ನನ್ನ ಮೇಜಿನ ಬಳಿ ನಿಂತಳು.

"ನೀವು ಅತ್ತೆಗೆ ತುಂಬ ಬೇಕಾದವರು. ಒಂದು ಕೇಳ್ಲಾ? ಅವರ ಮರೆವು ಮೊದಲು ಗೊತ್ತಾಗಿದ್ದು ನಿಮಗೇ ಅಲ್ವಾ? ಡಾಕ್ಟ್ರು ಕೇಳ್ತಿದ್ದಾರೆ, ಯಾವಾಗಿಂದ ಅಂತ."

"ಈಗ ಹೇಗಿದ್ದಾರೆ?" ಎಂದೆ.

"ಒಲೆ ಹಚ್ಚಲ್ಲ. ಬೀಗದ ಕೈ ನನಗೆ ಕೊಟ್ಬಿಟ್ಟಿದ್ದಾರೆ. ಮಗೂನ ಶಾಲೆಯಿಂದ ಕರ್ಕೊಂಡು ಬರೋದು ಬಿಟ್ರು, ದಾರಿ ತಪ್ಪಿದ್ರೆ ಅಂತ ಭಯ. ಹತ್ತು ಹೆಜ್ಜೆ ದೂರದ ಶಾಲೆ. ಒಂದಿನ ಹಾಲು ಇಟ್ಟು ಮರೆತು ಪಾತ್ರೆ ಸುಟ್ಟು ಹೋಯ್ತು, ಆಮೇಲಿಂದ ಅಡುಗೆಮನೆಗೇ ಬರಲ್ಲ. ನಾನು ಮಾತ್ರೆ ತಗೊಂಡ್ನಾ ಅಂತ ನನ್ನ ಗಂಡನ್ನ ಮೂರು ಸಲ ಕೇಳ್ತಾರೆ. ಅವರೋ, ಬಸ್ಸಿನ ನಟ್ಟು ಬಿಟ್ಟು ಬೇರೆ ಏನೂ ನೆನಪಿಡದ ಮನುಷ್ಯ."

ಅವಳು ನಕ್ಕಳು. ನಾನು ನಗಲಿಲ್ಲ. "ಡಾಕ್ಟರಿಗೆ ಇನ್ನೂ ಏನೂ ಹೇಳಬೇಡ. ಭಾನುವಾರ ನಾನು ಮನೆಗೆ ಬರ್ತೀನಿ" ಎಂದೆ.

ಭಾನುವಾರ ಬೆಳಿಗ್ಗೆ ಹೋದೆ. ಎರಡು ಕೋಣೆಯ ಮನೆ. ಒಳಕೋಣೆಯಿಂದ ಸೊಸೆಯ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ನೆಲದ ಮೇಲೆ ಮೊಮ್ಮಗಳು ಬಣ್ಣದ ಪೆನ್ಸಿಲ್ ಹರಡಿಕೊಂಡಿದ್ದಳು. ಅಕ್ಕ ಗೋಡೆಗೆ ಒರಗಿ ಕೂತಿದ್ದರು. ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಆ ಕೈಗಳು ಸುಮ್ಮನಿದ್ದುದನ್ನು ನಾನು ಎಂದೂ ಕಂಡಿರಲಿಲ್ಲ.

"ಬಾ ತಂಗಿ. ನೀನು ಹೇಳಿದ ಹಾಗೇ ಆಯ್ತು ನೋಡು" ಎಂದರು.

"ಇಲ್ಲ ಅಕ್ಕ. ನೀವು ಏಳು ಸಲ ತಿರುಗಿಸಿದ್ರಿ. ತಪ್ಪು ನನ್ನ ಪ್ರೋಗ್ರಾಂದು."

ಅವರು ನನ್ನ ಕೈ ಹಿಡಿದು ಸವರಿದರು. "ಸಮಾಧಾನಕ್ಕೆ ಹೇಳ್ತೀಯ. ಹೇಳ್ದೆ ಇರ್ತೀಯಾ, ನಿನ್ನ ಮನಸ್ಸು ನನಗೆ ಗೊತ್ತಿಲ್ವಾ."

ತಪ್ಪೊಪ್ಪಿಗೆಯನ್ನು ಅವರು ಮಮತೆಯೆಂದು ತೆಗೆದುಕೊಂಡುಬಿಟ್ಟರು. ಎರಡು ಸಲ, ಮೂರು ಸಲ ಹೇಳಿದೆ. ಪ್ರತಿ ಸಲವೂ ಅವರ ಮುಖದಲ್ಲಿ ನನ್ನ ಮೇಲಿನ ಕನಿಕರ ಹೆಚ್ಚಿತು. ಕೊನೆಗೆ ಮೊಮ್ಮಗಳ ಪುಸ್ತಕದಿಂದ ಒಂದು ಹಾಳೆ ಕೇಳಿ, ಚೌಕವಾಗಿ ಕತ್ತರಿಸಿ, ನಾಲ್ಕು ಮೂಲೆಗೂ ಬೇರೆ ಬೇರೆ ಬಣ್ಣ ಬಳಿದು ಅವರ ಮುಂದೆ ನೆಲದ ಮೇಲಿಟ್ಟೆ. ಕೆಂಪು ಮೂಲೆ ಮೇಲೆ, ಎಡಕ್ಕೆ.

"ಇದು ಟ್ರೇ. ನೀವೇ ತಿರುಗಿಸಿ. ಏಳು ಸಲ."

ಅವರು ಹಿಂಜರಿದರು. ಆಮೇಲೆ ಬಲಗೈ ತಾನಾಗಿ ಮುಂದೆ ಬಂತು. ಹೆಬ್ಬೆರಳು ಒಂದು ಮೂಲೆಗೆ, ಕಿರುಬೆರಳು ಇನ್ನೊಂದಕ್ಕೆ. ಒಂದು, ಎರಡು, ಮೂರು. ಮೊಮ್ಮಗಳು ಗಟ್ಟಿಯಾಗಿ ಎಣಿಸಿದಳು. ಏಳಕ್ಕೆ ಕೆಂಪು ಕೆಳಗೆ, ಎಡಕ್ಕೆ ಬಂದು ನಿಂತಿತು.

"ಈಗ ಫೋಟೋ ತೆಗೆದಾಯ್ತು. ಕೆಂಪು ಮೊದಲಿದ್ದ ಜಾಗಕ್ಕೆ ಹೋಗಬೇಕಾದ್ರೆ ಏನು ಮಾಡಬೇಕು?"

"ಎಡಕ್ಕೆ ಏಳು ಸಲ" ಎಂದಳು ಮೊಮ್ಮಗಳು, ಇದೂ ಒಂದು ಪ್ರಶ್ನೆಯೇ ಎಂಬಂತೆ.

"ನಾನು ಬರೆದದ್ದು ಬಲಕ್ಕೆ ಏಳು ಸಲ. ಅಕ್ಕ, ತಿರುಗಿಸಿ ನೋಡಿ."

ಅವರು ತಿರುಗಿಸಿದರು. ಕೆಂಪು ಕೆಳಗೆ, ಬಲಕ್ಕೆ ಬಂತು. ಹೊರಟ ಜಾಗಕ್ಕೆ ಸರಿಯಾಗಿ ಎದುರು ಮೂಲೆ. ಅವರು ಹಾಳೆಯನ್ನು ಮತ್ತೆ ನೇರ ಮಾಡಿಟ್ಟು, ಆರು ಮತ್ತು ಆರು ತಿರುಗಿಸಿದರು. ಕೆಂಪು ಮನೆಗೆ ಬಂತು. ನಾನು ಹೇಳಿಕೊಟ್ಟದ್ದಲ್ಲ, ತಾವೇ ಮಾಡಿದರು. "ಸಾಹೇಬ್ರು ಬಂದ ದಿನ ಆರು ಗೆರೆ ಇತ್ತು" ಎಂದರು. ಒಳಗೆ ಸೊಸೆಯ ಯಂತ್ರದ ಸದ್ದು ನಿಂತಿತ್ತು.

"ಇದು ನಿನಗೆ ಯಾವತ್ತು ಗೊತ್ತಾಯ್ತು?"

ಈ ಪ್ರಶ್ನೆ ಬರುತ್ತದೆಂದು ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡು ಬಂದಿದ್ದೆ. ಅದನ್ನೆಲ್ಲ ಬಿಟ್ಟು, "ಮಾರ್ಚ್ ಮೂರಕ್ಕೆ" ಎಂದೆ.

ಅವರು ನನ್ನ ಕೈಯನ್ನು ಬಿಟ್ಟರು. ಕೊಡವಲಿಲ್ಲ; ಒಂದು ವಸ್ತುವನ್ನು ಕೆಳಗಿಡುವಂತೆ ಬಿಟ್ಟರು.

"ಹಾಲು ಸುಟ್ಟಿದ್ದು ಮೇನಲ್ಲಿ" ಎಂದರು. "ಅದೂ ನಿನ್ನ ಪ್ರೋಗ್ರಾಂದಾ, ನನ್ನದಾ?"

"ಗೊತ್ತಿಲ್ಲ ಅಕ್ಕ."

"ಒಲೆ ಮುಂದೆ ನಿಂತು, ನಾನು ಒಲೆ ಮುಂದೇನೇ ನಿಂತಿದ್ದೀನಾ ಅಂತ ಯೋಚನೆ ಮಾಡ್ತಿದ್ದೆ. ಅಷ್ಟರಲ್ಲಿ ಸುಟ್ಟು ಹೋಯ್ತು. ಅಮ್ಮನಿಗೆ ಹೀಗೇ ಆಗ್ತಿತ್ತೇನೋ ಅಂತ ಅವಳ ಬಗ್ಗೇನೂ ಯೋಚನೆ ಮಾಡ್ದೆ. ನೂರು ಯೋಚನೆ." ನನ್ನ ಕಡೆ ತಿರುಗಿ, "ನಿನಗೆ ಹೇಳೋಕೆ ಏನು ಕಷ್ಟ ಇತ್ತು ತಂಗಿ? ನಾನು ನಿನ್ನ ಬಾಟಲಿ ತೊಳೆದೋಳು. ಬೈದು ಸುಮ್ಮನಾಗ್ತಿದ್ದೆ" ಎಂದರು.

ಅಧಿಕಾರಿಗೆ ಬರೆದುಕೊಡುತ್ತೇನೆ ಎಂದೆ. ಇಲ್ಲೇ, ಈಗಲೇ ಬರೆ ಎಂದರು. ಮೊಮ್ಮಗಳ ಪುಸ್ತಕದಲ್ಲೇ ಬರೆಯತೊಡಗಿದೆ. ಸಂಜೆ ಕಾಲೇಜಿನಲ್ಲಿ ಕಲಿತ ಗಂಭೀರ ಭಾಷೆಯಲ್ಲಿ. 'ದೋಷವು ಗಮನಕ್ಕೆ ಬಂದ ಕೆಲವು ದಿನಗಳ ತರುವಾಯ' ಎಂದು ಓದಿ ಹೇಳಿದಾಗ ಅವರು ತಡೆದರು.

"ಕೆಲವು ಅಂದ್ರೆ ಎಷ್ಟು?"

"ನಾಲ್ಕು ತಿಂಗಳ ಹತ್ತಿರ."

"ಹತ್ತಿರ ಬೇಡ. ನನ್ನ ಹಣೆಗೆ ಮರೆವು ಅಂತ ಬರೆದಾಗ ಹತ್ತಿರ ಅಂತ ಬರೆದ್ರಾ?" ಅವರು ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿದರು. "ಮಾರ್ಚಲ್ಲಿ ಉಳಿದದ್ದು ಇಪ್ಪತ್ತೆಂಟು. ಏಪ್ರಿಲ್ ಮೂವತ್ತು, ಅಲ್ಲಿಗೆ ಐವತ್ತೆಂಟು. ಮೇ ಸೇರಿದ್ರೆ ಎಂಬತ್ತೊಂಬತ್ತು. ಇವತ್ತು ಇಪ್ಪತ್ತೆಂಟನೇ ತಾರೀಕು. ನೂರ ಹದಿನೇಳು. ಬರೆ."

ಹೊಸ್ತಿಲಲ್ಲಿ ನಿಂತಿದ್ದ ಸೊಸೆ ಗೋಡೆಯ ಕ್ಯಾಲೆಂಡರ್ ತಿರುವಿ ಎಣಿಸಿದಳು. ನೂರ ಹದಿನೇಳೇ. ಅವಳು ಸೆರಗಿಗೆ ಸಿಕ್ಕಿಸಿಕೊಂಡಿದ್ದ ಬೀಗದ ಕೈಗೊಂಚಲನ್ನು ತೆಗೆದು ಅತ್ತೆಯ ಪಕ್ಕದಲ್ಲಿಟ್ಟಳು. ಅಕ್ಕ ಅದನ್ನು ನೋಡಿದರು, ತೆಗೆದುಕೊಳ್ಳಲಿಲ್ಲ. "ಅಲ್ಲೇ ಇರಲಿ" ಎಂದರು.

ಮರುದಿನ ಅಧಿಕಾರಿ ಪತ್ರ ಓದಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಫಲಿತಾಂಶ ಎಲ್ಲ ಆಗ್ಲೇ ತಿದ್ದಿ ಆಗಿದೆ. ಆಕೆ ನಿವೃತ್ತಿಗೆ ಇನ್ನೆರಡು ತಿಂಗಳು. ಈಗ ಇದನ್ನ ಕೆದಕಿ ಯಾರಿಗೆ ಏನು ಲಾಭ? ನಿಮ್ಮ ಹೆಸರೇ ಹಾಳು."

"ಆದೇಶ ಅಂಟಿಸಿದ ಜಾಗದಲ್ಲೇ ಇದೂ ಅಂಟಬೇಕು ಸಾರ್."

ಅಂಟಿಸಿದವಳೂ ನಾನೇ. ಊಟದ ಬಿಡುವಿನಲ್ಲಿ ಜನ ಗುಂಪಾಗಿ ಓದಿದರು. ಯಾರೋ ಹಿಂದಿನಿಂದ, "ಪ್ರೋಗ್ರಾಂ ಮರೆಯಲ್ವಂತಪ್ಪ" ಎಂದರು. ನಗು ಎದ್ದಿತು. ನಾನು ತಲೆಯೆತ್ತಿಯೇ ನಿಂತಿದ್ದೆ. ಅದು ಧೈರ್ಯವಲ್ಲ, ತಲೆ ತಗ್ಗಿಸಿ ಅಭ್ಯಾಸವಿಲ್ಲ, ಅ‌ಷ್ಟೆ. ಆ ವರ್ಷ ನನಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಅದನ್ನು ಶಿಕ್ಷೆಯೆಂದು ಹೇಳಿಕೊಂಡು ಹಗುರವಾಗಲು ನೋಡಿದೆ. ಆಗಲಿಲ್ಲ.

ಅಕ್ಕ ಬೆಚ್ಚನೆಯ ಕೋಣೆಗೆ ಮರಳಿದರು. ಉದ್ದಣ್ಣ ಸಂತೋಷದಿಂದ ಗೋದಾಮಿಗೆ ಓಡಿದ. ಶಾಲೆಯಿಂದ ಮೊಮ್ಮಗಳನ್ನು ಕರೆತರುವುದನ್ನೂ ಅವರು ಮತ್ತೆ ಶುರುಮಾಡಿದರೆಂದು ಸೊಸೆ ಹೇಳಿದಳು. ಡಾಕ್ಟರು ಹೇಳಿದ್ದು, ವಯಸ್ಸಿಗೆ ತಕ್ಕ ನೆನಪಿದೆ, ಗಾಬರಿ ಬೇಡ ಎಂದು. ನನ್ನೊಡನೆ ಅಕ್ಕ ಮಾತು ಬಿಡಲಿಲ್ಲ. ಟ್ರೇಯ ವಿಷಯ ಕೇಳಿದರೆ ಟ್ರೇಯ ವಿಷಯ ಹೇಳುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು.

ಒಂದು ಬೆಳಿಗ್ಗೆ ಗೆರೆಗಳನ್ನು ಬರೆದುಕೊಳ್ಳಲು ಹೋದವಳು ಬಾಗಿಲ ಬಳಿಯೇ ನಿಂತುಬಿಟ್ಟೆ. ಅಕ್ಕ ಒಂದು ಕಪಾಟಿನ ಕೊನೆಯ ಟ್ರೇಯನ್ನು ಬಲಕ್ಕೆ ತಿರುಗಿಸಿಟ್ಟು, ಕಪಾಟು ಮುಚ್ಚಿ, ಗೆರೆ ಎಳೆದರು. ಮುಂದಿನ ಕಪಾಟಿಗೆ ಎರಡು ಹೆಜ್ಜೆ ಇಟ್ಟವರು ಹಿಂದಕ್ಕೆ ಬಂದು, ಬಾಗಿಲು ತೆರೆದು, ಟ್ರೇಯನ್ನು ನೋಡಿದರು. ಮುಚ್ಚಿದರು. ಗೆರೆಯ ಮೇಲೆ ಬೆರಳಿಟ್ಟು ನೋಡಿದರು. ಮತ್ತೆ ತೆರೆದರು. ಟ್ರೇಗಳೊಡನೆ ಒಂದು ಮಾತನ್ನೂ ಆಡುತ್ತಿರಲಿಲ್ಲ. ಹನ್ನೆರಡು ಕಪಾಟು ಮುಗಿಯಲು ಎರಡು ಗಂಟೆ ಹಿಡಿಯಿತು. ನಾನು ಅಷ್ಟು ಹೊತ್ತೂ ಓಣಿಯಲ್ಲಿ ನಿಂತಿದ್ದೆ. ಒಳಗೆ ಹೋಗಿ "ಸರಿಯಾಗಿದೆ ಅಕ್ಕ" ಎಂದು ಹೇಳಬಹುದಿತ್ತು. ಆ ಕೋಣೆಯಲ್ಲಿ ಆ ಮಾತು ಆಡಬಾರದವಳು ನಾನೊಬ್ಬಳೇ.